ಮೊದಲ ಸಹಿ

ಯಲ್ದೂರು
12 ಜನವರಿ 2025

ಮುರಳಿ,

ಇಲ್ಲಿ ನಾನು ಇದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ಮುಂದಕ್ಕೆ ಓದುವುದಿಲ್ಲ, ಅದಕ್ಕೇ ಇದ್ದೇನೆ ಎಂದಷ್ಟೇ ಬರೆದಿದ್ದೇನೆ.

ಫೋನು ಇರುವಾಗ ಅಕ್ಕನಿಗೆ ಕಾಗದದ ಹುಚ್ಚು ಯಾಕೆ ಎಂದು ನಗಬೇಡ. ನಿನ್ನ ಫೋನು ನಿನ್ನ ಹತ್ತಿರ ಎಲ್ಲಿದೆ? ಈ ವಾರ ಮೂರು ಸಲ ಮಾಡಿದೆ. ಮೂರು ಸಲವೂ ನಿಮ್ಮ ವೇದಿಕೆಯ ಕಾರ್ಯದರ್ಶಿ ಗೋಪಿಯವರೇ ಎತ್ತಿದರು. "ಅಧ್ಯಕ್ಷರು ಪಕ್ಕದಲ್ಲೇ ಇದ್ದಾರಮ್ಮ, ಏನ್ ಹೇಳ್ಬೇಕೋ ಹೇಳಿ, ಸ್ಪೀಕರ್ ಹಾಕ್ತೀನಿ" ಅಂದರು. ಕಾರಿನಲ್ಲಿ ಇನ್ನೂ ನಾಲ್ಕು ಜನ ಕೆಮ್ಮುವುದು ಕೇಳಿಸಿತು. ಅಷ್ಟು ಜನರ ಮುಂದೆ ನಿನ್ನ ಮೂಲವ್ಯಾಧಿ ಹೇಗಿದೆ ಎಂದು ಕೇಳಲಾ? ಇಟ್ಟುಬಿಟ್ಟೆ.

ಮೊಬೈಲಿನಲ್ಲಿ ನಿನ್ನ ಭಾಷಣ ನೋಡಿದೆ, ಮಾಲೂರಿನದು. ಸಣ್ಣಗಾಗಿದ್ದೀಯ. ಶಾಲಿನ ಮೇಲೆ ಶಾಲು ಹೊದಿಸಿದ್ದರಿಂದ ಜನಕ್ಕೆ ಗೊತ್ತಾಗಿಲ್ಲ, ನನಗೆ ಕತ್ತು ನೋಡಿದರೆ ಸಾಕು. ಕೆಮ್ಮು ಹಾಗೇ ಇದೆ. ಹೆಂಡತಿಯಾಗಿ ಶ್ರೀವಾಣಿ ಕಷಾಯ ಮಾಡಿಕೊಡುವುದಿಲ್ಲವಾ? ಅವಳೂ ಫೋನ್ ಎತ್ತುವುದಿಲ್ಲ. ಅವಳ ತಾಯಿಗೆ ಕಣ್ಣಿನ ಆಪರೇಷನ್ನು, ಅದಕ್ಕೆ ಮಾಲೂರಿಗೆ ಹೋಗಿದ್ದಾಳೆ ಎಂದು ನೀನು ಹೇಳಿದ್ದು ಹೋದ ದಸರಾದಲ್ಲಿ ಅಲ್ಲ, ಅದರ ಹಿಂದಿನ ದಸರಾದಲ್ಲಿ. ಆ ಯಮ್ಮನಿಗೆ ಎಷ್ಟು ಕಣ್ಣಪ್ಪ ಇರುವುದು?

ಮುಳಬಾಗಿಲಿನಲ್ಲಿ ಕಲ್ಯಾಣ ಮಂಟಪದ ಮ್ಯಾನೇಜರ್ ಆಗಿದ್ದಾಗ ನೀನು ಹೆಣ್ಣಿನ ಕಡೆ, ಗಂಡಿನ ಕಡೆ ಜಗಳ ಬಿಡಿಸಿ ಮನೆಗೆ ಬಂದು ಎರಡು ಹಿಟ್ಟಿನ ಮುದ್ದೆ ತಿನ್ನುತ್ತಿದ್ದೆ. ಈಗ ರಾಜ್ಯದ ಜಗಳವನ್ನೆಲ್ಲ ಬಿಡಿಸುತ್ತೀಯ, ಊಟ ಎಲ್ಲಿ ಮಾಡುತ್ತೀಯೋ ಗೊತ್ತಿಲ್ಲ. ಮಂತ್ರಿಗಳ ಬಾಗಿಲಲ್ಲಿ ಕಾಯುವಾಗ ಜೇಬಿನಲ್ಲಿ ಕಡಲೆಯಾದರೂ ಇಟ್ಟುಕೋ.

ಮಾವು ಹೂವಾಗಿದೆ. ಮಂಜು ಬಿದ್ದು ಎಲ್ಲ ಕಪ್ಪಗಾಗುತ್ತದೆಯೇನೋ ಎಂದು ನನಗೆ ನಿದ್ದೆಯಿಲ್ಲ. ನೀನು ಕಳಿಸಿದ ಸಹಿ ಹಾಳೆಗಳು ಬಂದವು. ಮೇಲೆ ಬರೆದಿರುವುದು ಓದಿದೆ, ತಲೆಗೆ ಹತ್ತಲಿಲ್ಲ. "ತತ್ಸಂಬಂಧ", "ಮೇಲ್ಕಂಡಂತೆ" ಅನ್ನುವುದೇ ಜಾಸ್ತಿ ಇದೆ. ಏನದು, ಸ್ವಲ್ಪ ಬಿಡಿಸಿ ಬರಿ.

ನಿಮ್ಮ ಭಾವ ಹೋಳೂರಿನಲ್ಲೇ ಇದ್ದಾರೆ. ಹಸು ಬಿಟ್ಟು ಬರುವುದಕ್ಕೆ ಆಗುವುದಿಲ್ಲ.

ಗಂಗಾಲಕ್ಷ್ಮಿ

*

ಕುಟುಂಬ ಉಳಿಸಿ ವೇದಿಕೆ (ರಿ.)
ಬೆಂಗಳೂರು
22 ಜನವರಿ 2025

ಪೂಜ್ಯ ಅಕ್ಕನವರಿಗೆ ಮುರಳಿಮೋಹನನ ವಂದನೆಗಳು.

ನಿನ್ನ ಪತ್ರ ತಲುಪಿತು. ಆರೋಗ್ಯ ಉತ್ತಮ. ಶ್ರೀವಾಣಿ ಕ್ಷೇಮ.

ಹತ್ತು ವರ್ಷಗಳ ಹೋರಾಟ ಈಗ ದಡ ಸೇರುವ ಹೊತ್ತು. ನಮ್ಮ ವೇದಿಕೆ ಸಿದ್ಧಪಡಿಸಿರುವ ಕುಟುಂಬ ಸಮನ್ವಯ ಮಸೂದೆಯ ಕರಡನ್ನು ಶಾಸಕರ ಸಮಿತಿಯೊಂದು ಪರಿಶೀಲನೆಗೆ ಎತ್ತಿಕೊಂಡಿದೆ. ಇದಕ್ಕಾಗಿ ನಾನು ಎಷ್ಟು ಮೆಟ್ಟಿಲು ಹತ್ತಿಳಿದಿದ್ದೇನೆ ಎಂಬುದು ನನ್ನ ಮಂಡಿಗೆ ಗೊತ್ತು. ಏಪ್ರಿಲ್ 25ರಂದು ಸಮಿತಿ ಕೋಲಾರಕ್ಕೆ ಬಂದು ಸಾರ್ವಜನಿಕರ ಅಹವಾಲು ಕೇಳಲಿದೆ. ಅಷ್ಟರೊಳಗೆ ಜಿಲ್ಲೆಯಿಂದ ಹತ್ತು ಸಾವಿರ ಮಹಿಳೆಯರ ಸಹಿ ಬೇಕು. ಯಲ್ದೂರಿನಿಂದ ಐವತ್ತು ನಿನ್ನ ಜವಾಬ್ದಾರಿ. ಆ ಹಾಳೆಯ ಮೊದಲ ಸಹಿ ನಿನ್ನದೇ ಇರಬೇಕು. ಪುಸ್ತಕ ಅಚ್ಚಾದಾಗ ಯಲ್ದೂರಿನ ಹಾಳೆಯೇ ಮೊದಲ ಪುಟ.

ಒಳಗೇನಿದೆ ಎಂದು ಕೇಳಿದ್ದೀಯ. ಒಡೆದ ಸಂಸಾರಗಳನ್ನು ಹಿರಿಯರು ಕೂತು ಕೂಡಿಸುವುದು, ಅಷ್ಟೇ. ಕಾನೂನಿನ ಭಾಷೆ ನಿನಗೆ ಬೇಡ. ನೀನೇ ಇದಕ್ಕೆ ಪ್ರೇರಣೆ. ಪ್ರತಿ ಸಭೆಯಲ್ಲೂ ನಾನು ಅದೇ ಮಾತಿನಿಂದ ಶುರು ಮಾಡುತ್ತೇನೆ: "ನಾನು ಉಳಿಸಿದ ಮೊದಲ ಸಂಸಾರ ನನ್ನ ಸ್ವಂತ ಅಕ್ಕನದು. ಮುನಿಸಿಕೊಂಡು ಬಂದ ಅಕ್ಕನಿಗೆ ಸೀರೆ ಉಡಿಸಿ, ಮಡಿಲಿಗೆ ಬಾಳೆಹಣ್ಣು ಹಾಕಿ, ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ನಾನೇ ಬಸ್ಸು ಹತ್ತಿಸಿದೆ. ಅವಳು ಗಂಡನ ಮನೆ ಸೇರಿದಳು." ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

25ರಂದು ನೀನೂ ಭಾವನವರೂ ಮುಂದಿನ ಸಾಲಿನಲ್ಲಿ ಜೊತೆಯಾಗಿ ಕೂರಬೇಕು. ಹಸುವಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲಿ.

ಇಂತಿ,
ಮುರಳಿಮೋಹನ್, ಸಂಸ್ಥಾಪಕ ಅಧ್ಯಕ್ಷ

*

ಯಲ್ದೂರು
6 ಫೆಬ್ರವರಿ 2025

ಮುರಳಿ,

ಹಾಳೆಗಳು ಇದರ ಜೊತೆಯಲ್ಲೇ ರಿಜಿಸ್ಟರ್ ಪೋಸ್ಟಿನಲ್ಲಿವೆ. ನಲವತ್ತಾರು ಆಗಿವೆ. ಐವತ್ತು ಆಗಲಿಲ್ಲ, ಅದಕ್ಕೆ ನಿನಗೆ ಯಾರಾದರೂ ಏನಾದರೂ ಅಂದರೆ ನನ್ನ ಹೆಸರು ಹೇಳು.

ಮನೆ ಮನೆ ತಿರುಗಲು ಮಂಡಿ ಬಿಡುವುದಿಲ್ಲ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಗೆ ಹೋಗಿ ಕಟ್ಟೆಯ ಮೇಲೆ, ಹಾಲಿನ ರಿಜಿಸ್ಟರ್ ಪಕ್ಕದಲ್ಲೇ ಇಟ್ಟೆ. ಡೇರಿ ಸೆಕ್ರೆಟರಿ ಮುನಿಶಾಮಮ್ಮ ನೋಡಿ, "ಏನ್ ಗಂಗಕ್ಕ, ಹಾಲಿಗಿಂತ ಕಾಗದಾನೇ ಜಾಸ್ತಿ ತಂದಿದ್ದೀಯ" ಅಂದಳು.

"ನಮ್ಮ ಮುರಳಿ ಕಳ್ಸಿರೋದು ಕಣೇ. ಸಂಸಾರಗಳು ಚೆನ್ನಾಗಿರ್ಲಿ ಅಂತ."

"ಅದಕ್ಕೆ ಸೈನ್ ಸಾಕಾ? ಮೊದ್ಲೇ ಹೇಳಿದ್ರೆ ಧಾರೆ ದಿನಾನೇ ಹಾಕಿಸ್ಕೊಂಡ್ಬಿಡ್ತಿದ್ದೆ."

ಎಲ್ಲರೂ ನಕ್ಕರು, ಎಲ್ಲರೂ ಹಾಕಿದರು. ಕದಿರಮ್ಮ ಮಾತ್ರ, "ಇದಕ್ಕೆ ಬೋನಸ್ ಬತ್ತದಾ?" ಅಂತ ಕೇಳಿದಳು. ಬರಲ್ಲ ಕಣೇ ಅಂದೆ. ಆದರೂ ಹಾಕಿದಳು. ದಿನಕ್ಕೆರಡು ಹೊತ್ತು ಅದೇ ಕಟ್ಟೆಯ ಮೇಲೆ ಸಹಿ ಮಾಡಿ ಮಾಡಿ ನಮ್ಮ ಕೈಗಳಿಗೆ ಅಭ್ಯಾಸ, ಅಲ್ಲಿ ಇಟ್ಟ ಕಾಗದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಯಾರೂ ಓದಲಿಲ್ಲ. ನಾನೂ ಓದಿ ಹೇಳಲಿಲ್ಲ. ನನಗೆ ಗೊತ್ತಿದ್ದರಲ್ಲವಾ ಹೇಳುವುದಕ್ಕೆ.

ಮೊದಲ ಸಹಿ ನನ್ನದು. ಡೇರಿ ಪೆನ್ನು ಹಸಿರು ಶಾಯಿಯದು, ಮನೆಗೆ ಬಂದ ಮೇಲೆ ನೆನಪಾಯಿತು. ಹಸಿರಿನಲ್ಲಿ ಆಫೀಸರುಗಳು ಮಾತ್ರ ಸಹಿ ಮಾಡುವುದಂತೆ, ಹೌದಾ? ತಪ್ಪಾಗುವುದಾದರೆ ಹಾಳೆ ಹಿಂದಕ್ಕೆ ಕಳಿಸು. ಅಕ್ಷರವೂ ಸೊಟ್ಟಗಿದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನೀನು ಹುಟ್ಟಿದೆ, ಎತ್ತಿಕೊಳ್ಳುವುದಕ್ಕೆ ಜನ ಬೇಕೆಂದು ಬಿಡಿಸಿದರು. ಆಮೇಲೆ ಏಳಕ್ಕೆ ಸೇರಿಸಿ ಮೂರೇ ತಿಂಗಳಿಗೆ ಮತ್ತೆ ಬಿಡಿಸಿದರು. ನಿನ್ನ ಪುಸ್ತಕದ ಮೊದಲ ಪುಟಕ್ಕೆ ಇದೇ ಅಕ್ಷರ ಬೇಕಿತ್ತಾ ಎಂದು ನಿನ್ನೆಯಿಂದ ಹಳೆಯ ಕಾಗದದ ಮೇಲೆ ಹೆಸರು ಬರೆದು ಬರೆದು ನೋಡುತ್ತಿದ್ದೇನೆ.

ಕೋಲಾರಕ್ಕೆ ನಿಮ್ಮ ಭಾವ ಬರುವುದು ಬೇಡ. ಅವರಿಗೆ ಬಿಸಿಲು ಆಗುವುದಿಲ್ಲ. ಒಂದು ಹಸು ಕರು ಹಾಕುವ ಹಾಗಿದೆಯಂತೆ. ನಾನೂ ಬರಲಾರೆ, ಆ ಹೊತ್ತಿಗೆ ಕಾಯಿ ಬಲಿತಿರುತ್ತದೆ, ಕೋತಿ ಕಾಯಬೇಕು.

ಶ್ರೀವಾಣಿ ಕ್ಷೇಮ ಎಂದು ಎರಡೇ ಪದ ಬರೆದಿದ್ದೀಯ. ನನಗೆ ಗೊತ್ತಾಗಬೇಕಿರುವುದು ಎಲ್ಲಿದ್ದಾಳೆ ಎಂದು.

ಗಂಗಾಲಕ್ಷ್ಮಿ

*

ಕುಟುಂಬ ಉಳಿಸಿ ವೇದಿಕೆ (ರಿ.)
ಬೆಂಗಳೂರು
19 ಫೆಬ್ರವರಿ 2025

ಅಕ್ಕ,

ಹಸಿರು ಶಾಯಿ ಅಚ್ಚಿನಲ್ಲಿ ಕಪ್ಪಾಗಿಯೇ ಬಂದಿದೆ, ಚಿಂತೆ ಬಿಡು. ಪುಸ್ತಕದ ಒಂದು ಪ್ರತಿ ಕಳಿಸಿದ್ದೇನೆ. ನಿನ್ನ ಸಹಿಯನ್ನು ದೊಡ್ಡದು ಮಾಡಿ ರಕ್ಷಾಪುಟಕ್ಕೂ ಹಾಕಿಸಿದ್ದೇನೆ.

ನಿನಗೊಂದು ಸಂತೋಷದ ಸುದ್ದಿ. ಮೊನ್ನೆ ವೇಮಗಲ್‌ನ ಸಭೆಗೆ ಭಾವನವರು ತಾವಾಗಿಯೇ ಬಂದಿದ್ದರು. ಬಿಳಿ ಪಂಚೆ, ರೇಷ್ಮೆ ಶರ್ಟು. ನಿನ್ನ ಬಗ್ಗೆ ವಿಚಾರಿಸಿದೆ. "ಮಾವಿನ ತೋಪು ನೋಡ್ಕೊಳ್ತಾ ಅವ್ಳೆ, ಈ ಸುಗ್ಗಿ ಆಗ್ಲಿ, ಬತ್ತಾಳೆ, ಎಲ್ಲಿಗೋಗ್ತಾಳೆ" ಎಂದರು. ಎಷ್ಟು ತಾಳ್ಮೆಯ ಮನುಷ್ಯ. ವೇದಿಕೆಗೆ ಕರೆದು ಶಾಲು ಹೊದಿಸಿದೆ. ಕಾನೂನು ಬಂದಮೇಲೆ ಹೋಬಳಿಗೊಂದು ಸಮನ್ವಯ ಸಮಿತಿ ಆಗುತ್ತದೆ. ಹೋಳೂರಿನ ಸಮಿತಿಯ ಸದಸ್ಯರ ಪಟ್ಟಿಯಲ್ಲಿ ಮುನಿಕೃಷ್ಣಪ್ಪ ಎಂದು ಭಾವನವರ ಹೆಸರನ್ನೇ ಮೊದಲು ಬರೆಸಿದೆ. ಇದು ನಿನಗೂ ಗೌರವ.

25ಕ್ಕೆ ಅವರು ಬರುವುದು ಖಚಿತ. ಕೋತಿಯ ನೆಪ ಹೇಳಬೇಡ.

ಮುರಳಿಮೋಹನ್

*

ಯಲ್ದೂರು
3 ಮಾರ್ಚ್ 2025

ಮುರಳಿ,

ಈ ಕಾಗದವನ್ನು ನೀನೊಬ್ಬನೇ ಇರುವಾಗ ಓದು. ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು.

ಪಕ್ಕದ ಮನೆಯ ಕೌಸರ್ ನಿನಗೆ ಗೊತ್ತು, ಬ್ಲೌಸು ಹೊಲಿಯುವವಳು, ಪಿಯುಸಿ ಓದಿದ್ದಾಳೆ. ಪುಸ್ತಕದ ಮೇಲೆ ನನ್ನ ಸಹಿ ಇದೆ ಎಂದು ತೋರಿಸುವುದಕ್ಕೆ ಹೋದೆ. ಅವಳು ಸಹಿ ನೋಡಲಿಲ್ಲ, ಒಳಗೆ ಅಚ್ಚಾಗಿದ್ದ ಮಸೂದೆ ಓದಿದಳು. ಓದಿ, ಮಿಷನ್ನಿನಿಂದ ಕಾಲು ತೆಗೆದಳು.

"ಅಕ್ಕಾ, ಏಳನೇ ಕಲಮು ಓದಿದ್ರಾ ನೀವು?"

"ಇಲ್ಲಮ್ಮ."

"ಸೈನ್ ಹಾಕಿದ್ದೀರಲ್ಲ."

"ತಮ್ಮ ಕಳಿಸಿದ್ದ."

ಆಮೇಲೆ ಅವಳು ಬೆರಳಿಟ್ಟು ಓದಿಸಿದಳು. ನಾನೂ ಅಕ್ಷರ ಅಕ್ಷರ ಕೂಡಿಸಿ ಓದಿದೆ. ಕೋರ್ಟಿನಿಂದ ಬಿಡುಗಡೆ ಆಗದೆ ಗಂಡನಿಂದ ಬೇರೆ ವಾಸಿಸುವ ಹೆಂಗಸಿನ ಪ್ರತ್ಯೇಕ ಪಡಿತರ ಚೀಟಿಯನ್ನು, ಗಂಡನ ಹೋಬಳಿಯ ಸಮನ್ವಯ ಸಮಿತಿ ಒಪ್ಪಿ ಪ್ರಮಾಣಪತ್ರ ಕೊಡುವವರೆಗೆ, ಗಂಡನ ಚೀಟಿಯಲ್ಲಿ ವಿಲೀನಗೊಳಿಸತಕ್ಕದ್ದು. ವಿಲೀನ ಅಂದರೇನು ಎಂದು ಕೇಳಿದೆ. "ನಿಮ್ಮ ಅಕ್ಕಿ ಅವ್ರ ಮನೆಗೆ ಹೋಗತ್ತೆ ಅಂತ" ಅಂದಳು.

ಮುರಳಿ, ನನ್ನ ಹತ್ತಿರ ಬೇರೆ ಕಾರ್ಡಿದೆ. ಏಳು ವರ್ಷದಿಂದ ಇದೆ. ಒಂದೇ ಹೆಸರಿನ ಕಾರ್ಡು. ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ನು ನನ್ನ ಹೆಸರು ತೋರಿಸುತ್ತದೆ. ನಿನಗೆ ಹೇಳಿರಲಿಲ್ಲ.

ಹೋಳೂರಿನ ಮನೆಯಲ್ಲಿ ಅಕ್ಕಿಯ ಡಬ್ಬಕ್ಕೆ ಬೀಗ ಇತ್ತು. ಬೀಗದ ಕೈ ನಿಮ್ಮ ಭಾವನ ಉಡಿದಾರದಲ್ಲಿ. ಬೆಳಿಗ್ಗೆ ಒಂದು ಪಾವು, ಸಾಯಂಕಾಲ ಒಂದು ಪಾವು ತಾವೇ ಅಳೆದು ಕೊಡುವರು. ಸಾರು ಸಪ್ಪೆಯಾದರೆ, ಎದುರು ಮಾತಾಡಿದರೆ, ಬಾಗಿಲಲ್ಲಿ ಯಾರ ಜೊತೆಗಾದರೂ ನಕ್ಕರೆ, ಅವತ್ತು ಬೀಗ ತೆಗೆಯುವುದಿಲ್ಲ. ಅವರು ಹೋಟೆಲಿನಲ್ಲಿ ತಿಂದು ಬರುವರು. ಒಂದು ದಿನವೂ ಕೈ ಎತ್ತಿದವರಲ್ಲ, ಅದಕ್ಕೇ ಯಾರಿಗೂ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಹೊಡೆದಿದ್ದರೆ ತೋರಿಸಬಹುದಿತ್ತು. ಹದಿನೆಂಟು ವರ್ಷ. ಮಕ್ಕಳಾಗಲಿಲ್ಲ, ಆಗಿದ್ದರೆ ಆ ಡಬ್ಬದ ಮುಂದೆ ಅವೂ ನಿಲ್ಲಬೇಕಿತ್ತು.

ಇದನ್ನೇ ಹೇಳಬೇಕು ಎಂದು ಮುಳಬಾಗಿಲಿಗೆ ನಿನ್ನ ಮಂಟಪಕ್ಕೆ ಬಂದಿದ್ದೆ. ಅವತ್ತು ನಿನಗೆ ಎರಡು ಮದುವೆ. "ಅಕ್ಕ, ಸಣ್ಣ ಪುಟ್ಟದಕ್ಕೆಲ್ಲ ಬರಬಾರ್ದು" ಅಂದೆ. ನಾನು ಬಾಯಿ ತೆಗೆಯುವ ಮುಂಚೆಯೇ ಅಂದೆ. ಸೀರೆ ಕೊಟ್ಟೆ, ಬಾಳೆಹಣ್ಣು ಕೊಟ್ಟೆ, ಬಸ್ಸು ಹತ್ತಿಸಿದೆ. ಕಂಡಕ್ಟರಿಗೆ, ಕೋಲಾರದಲ್ಲಿ ಹೋಳೂರು ಬಸ್ಸು ತೋರಿಸಿ ಎಂದೂ ಹೇಳಿದೆ. ಆತ ತೋರಿಸಿದ. ನಾನು ಅದನ್ನು ಹತ್ತಲಿಲ್ಲ. ಯಲ್ದೂರು ಬಸ್ಸು ಹತ್ತಿ ಅಮ್ಮನ ಹತ್ತಿರ ಬಂದೆ. ಅವತ್ತಿನಿಂದ ಹೋಳೂರಿನ ಹೊಸಿಲು ದಾಟಿಲ್ಲ. ಅಮ್ಮನ ಮಂಡಿ ನೋವಿಗೆ ಜೊತೆಗಿರಲು ಬಂದಿದ್ದೇನೆ ಎಂದು ನಿನಗೆ ಹೇಳಿದೆವು, ಅಮ್ಮ ಹೋದ ಮೇಲೆ ತೋಪು ಎಂದೆ, ಈಗ ಹಸು ಎನ್ನುತ್ತಿದ್ದೇನೆ. ಹತ್ತು ವರ್ಷದಲ್ಲಿ ಒಂದು ಸಲವಾದರೂ, ಭಾವ ಯಾಕೆ ಒಂದು ಹಬ್ಬಕ್ಕೂ ಇಲ್ಲಿಲ್ಲ ಎಂದು ನೀನು ಕೇಳಿದೆಯಾ? ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಹೇಳುತ್ತಿರಲಿಲ್ಲವೇನೋ.

ನೀನು ಉಳಿಸಿದ ಮೊದಲ ಸಂಸಾರ ಉಳಿದಿಲ್ಲಪ್ಪ. ಪ್ರತಿ ಭಾಷಣದಲ್ಲಿ ನೀನು ಅದನ್ನು ಹೇಳುವಾಗ ನಾನು ಮೊಬೈಲಿನ ಸೌಂಡು ಸಣ್ಣದು ಮಾಡುತ್ತೇನೆ.

ನನ್ನ ಕಾರ್ಡು ಹೋಗಬಾರದು. ಕೇಳುವುದು ಅದೊಂದೇ. ನಾನು ಅರ್ಜಿ ಹಾಕಿದರೆ ಕೇಳುವವರು ಯಾರು? ನೀನು ಹೆಸರು ಬರೆಸಿರುವ ನಿಮ್ಮ ಭಾವ. ನನ್ನ ಸಹಿ ತೆಗೆಸು. ಉಳಿದ ನಲವತ್ತೈದನ್ನೂ ತೆಗೆಸು, ಅವು ನನ್ನ ಮುಖ ನೋಡಿ ಹಾಕಿದವು.

ಗಂಗಾಲಕ್ಷ್ಮಿ

*

ಯಲ್ದೂರು
29 ಮಾರ್ಚ್ 2025

ಮುರಳಿ,

ಇಪ್ಪತ್ತಾರು ದಿನವಾಯಿತು. ಕಾಗದ ಕಳೆದುಹೋಯಿತೇನೋ, ನಿನಗೆ ಮೈ ಹುಷಾರಿಲ್ಲವೇನೋ, ನನ್ನ ಮಾತು ಕೇಳಿ ಎದೆಗೇನಾದರೂ ಆಯಿತೇನೋ ಎಂದು ಏನೇನೋ ಯೋಚನೆ ಮಾಡಿದೆ. ಪೋಸ್ಟ್‌ಮ್ಯಾನ್ ಆಂಜಿ ಮೊಬೈಲಿನಲ್ಲಿ ನೋಡಿ, "ತಲುಪಿದೆ ಗಂಗಕ್ಕ, ಸೈನ್ ಆಗಿದೆ, ಗೋಪಿ ಅಂತ" ಅಂದ. ಅಂದರೆ ಒಡೆದವರು ಅವರು. ಉಡಿದಾರ, ಪಾವು, ಎಲ್ಲ ಆ ಮನುಷ್ಯ ಓದಿದರಾ? ಇದನ್ನು ನೀನು ಇಳಿದುಕೊಳ್ಳುವ ಲಾಡ್ಜಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ತಡೆಯಲಾರದೆ ಮೊನ್ನೆ ಮಾಲೂರಿಗೆ ಹೋದೆ. ಶ್ರೀವಾಣಿಯ ಕೈಯಲ್ಲಿ ನಿನಗೊಂದು ಮಾತು ಹೇಳಿಸೋಣ ಎಂದು ಉಪ್ಪಿನಕಾಯಿಗಾಗುವ ಮಿಡಿ ಒಂದು ಚೀಲ ಹೊತ್ತುಕೊಂಡು ಹೋದೆ. ಅವಳು ಗುಲಾಬಿ ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಕೈ ತುಂಬ ಮುಳ್ಳು ಗೀರಿದೆ, ಮುಖ ಮಾತ್ರ ತಿಳಿಯಾಗಿದೆ. ನಿಮ್ಮ ಅಮ್ಮನ ಕಣ್ಣು ಹೇಗಿದೆ ಎಂದೆ. "ಯಾವ ಕಣ್ಣು?" ಎಂದಳು.

ಎಲ್ಲ ಹೇಳಿದಳು. ಒಂದೂವರೆ ವರ್ಷದಿಂದ ಅಲ್ಲೇ ಇದ್ದಾಳಂತೆ. "ಜಗಳ ಏನೂ ಆಗಿಲ್ಲ ಅಕ್ಕ, ಜಗಳ ಆಡೋಕೆ ಅವ್ರು ಮನೇಲಿ ಇರ್ಬೇಕಲ್ಲ. ತಿಂಗ್ಳಿಗೊಂದಿನ ಬರ್ತಿದ್ರು, ಅದೂ ಫೋಟೋ ತೆಗೆಸೋಕೆ. ಗೋಪಿ ಸಾರ್ ನಂಗೆ ಸೀರೆ ಬಣ್ಣ ಹೇಳೋರು" ಎಂದಳು. ನಾನು ಏನು ಹೇಳಲಿ? ನಾನೂ ಹೋಳೂರಿನಲ್ಲಿಲ್ಲ ಎಂದೆ. ಅವಳಿಗೆ ಗೊತ್ತಿತ್ತಂತೆ. "ನಿಮ್ಮ ಕಾಲ್ಬೆರಳು ನೋಡಿ ಗೊತ್ತಾಯ್ತು, ಕಾಲುಂಗುರ ತೆಗೆದಿಟ್ಟಿದ್ದೀರಲ್ಲ, ಅತ್ತೆ ಸತ್ತಾಗ್ಲೇ ನೋಡಿದ್ದೆ" ಎಂದಳು. ಆರು ವರ್ಷದ ಹಿಂದೆ. ನಿನ್ನ ಹೆಂಡತಿ ಒಂದು ದಿನದಲ್ಲಿ ನೋಡಿದ್ದನ್ನು ನೀನು ಹತ್ತು ವರ್ಷದಲ್ಲಿ ನೋಡಲಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟೂ ಬರುತ್ತಿದೆ, ನಿನಗೆ ಅಡುಗೆ ಮಾಡುವವರು ಯಾರು ಎಂದೂ ಯೋಚನೆಯಾಗುತ್ತಿದೆ. ಎರಡೂ ಒಟ್ಟಿಗೆ ಬಂದರೆ ಮನುಷ್ಯರಿಗೆ ಎಷ್ಟು ಸುಸ್ತಾಗುತ್ತದೆ ಗೊತ್ತಾ?

ಉತ್ತರ ಬರಿ.

ಗಂಗಾಲಕ್ಷ್ಮಿ

*

ಬೆಂಗಳೂರು
5 ಏಪ್ರಿಲ್ 2025

ಅಕ್ಕ,

ನಿನ್ನ ಎರಡೂ ಪತ್ರ ಓದಿದೆ. ಮೊದಲನೆಯದನ್ನು ಗೋಪಿ ಒಡೆದದ್ದು ತಪ್ಪು. ಆದರೆ ಅವನು ಹೊರಗೆ ಬಾಯಿ ಬಿಡುವವನಲ್ಲ. ಸುಟ್ಟುಬಿಡಿ ಎಂದ. ಸುಡಲಿಲ್ಲ.

ನೀನು ಆಗಲೇ ಹೇಳಬೇಕಿತ್ತು. ಈಗ ಹೇಳಿದರೆ ನಾನೇನು ಮಾಡಲಿ? ಪುಸ್ತಕ ಅಚ್ಚಾಗಿ ಇನ್ನೂರ ಇಪ್ಪತ್ತನಾಲ್ಕು ಶಾಸಕರ ಮೇಜು ಸೇರಿದೆ. ಒಂದು ಮನೆಯ ಡಬ್ಬದ ವಿಷಯಕ್ಕೆ ರಾಜ್ಯದ ಕಾನೂನು ನಿಲ್ಲುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಸಣ್ಣ ಮಾತಿಗೆ ಮನೆ ಬಿಟ್ಟು ಹೋಗಿ ಹಾಳಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅವರಿಗಾಗಿ ಇದು. ನಾನು ನಂಬಿಯೇ ಮಾಡಿದ್ದು. ನಿನ್ನದು ಬೇರೆ.

ಒಂದು ದಾರಿ ಯೋಚಿಸಿದ್ದೇನೆ. 25ರಂದು ಒಂದೇ ಒಂದು ಗಂಟೆ ಭಾವನ ಪಕ್ಕ ಕೂತು ಹೋಗು. ಮಾತಾಡುವುದೂ ಬೇಡ. ಕಾನೂನು ಬಂದ ಮೇಲೆ ನಿನ್ನ ಕಾರ್ಡನ್ನು ಯಾರೂ ಮುಟ್ಟದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಆಹಾರ ಇಲಾಖೆಯಲ್ಲಿ ನನಗೆ ಜನ ಇದ್ದಾರೆ. ನಿನ್ನ ಹೆಸರು ಹೋಳೂರಿನ ಸಮಿತಿಯ ಮುಂದೆ ಬರುವುದೇ ಇಲ್ಲ. ಇಷ್ಟಾದರೂ ನನ್ನ ಕೈಯಲ್ಲಿದೆ.

ಮಾಲೂರಿಗೆ ಹೋಗುವ ಅಗತ್ಯ ಇರಲಿಲ್ಲ.

ಮುರಳಿ

*

ಯಲ್ದೂರು
14 ಏಪ್ರಿಲ್ 2025

ಮುರಳಿ,

ನಿನ್ನ ಅಕ್ಕನಿಗೊಂದು, ಊರಿಗೊಂದು ಕಾನೂನು ಮಾಡುತ್ತೀಯಾ? ಹಾಗಾದರೆ ಅದು ಕೆಟ್ಟದ್ದು ಎಂದು ನಿನಗೇ ಗೊತ್ತಿದೆ. ನನಗೆ ಅಷ್ಟು ಬುದ್ಧಿಯಿಲ್ಲ, ಕೌಸರ್ ಹೇಳಿದ ಮೇಲೆ ಹೊಳೆದದ್ದು.

ಪುಸ್ತಕ ತೆಗೆದುಕೊಂಡು ಡೇರಿಗೆ ಹೋದೆ. ಅದೇ ಕಟ್ಟೆ. ಈ ಸಲ ಓದಿ ಹೇಳಿದೆ. ನಿಲ್ಲಿಸಿ ನಿಲ್ಲಿಸಿ ಓದಿದ್ದರಿಂದ ನಾಲ್ಕು ದಿನ ಹಿಡಿಯಿತು. ಮುನಿಶಾಮಮ್ಮ ಮೊದಲ ದಿನವೇ, "ಸೈನ್ ಹಾಕಿಸ್ಕೊಳ್ಳೋವಾಗ ಈ ನಾಲಗೆ ಎಲ್ಲಿತ್ತು ಗಂಗಕ್ಕ?" ಎಂದಳು. ಬೈದ ಮೇಲೆ ಅವಳೇ ಡೇರಿಯ ಸೀಲು ಹಾಕಿದ ಹಾಳೆ ಕೊಟ್ಟು, "ಬರ್ಕೋ, ನಂದು ವಾಪಸ್" ಎಂದಳು.

ಎಲ್ಲರೂ ವಾಪಸ್ ತೆಗೆದುಕೊಂಡಿಲ್ಲ. ಕದಿರಮ್ಮ, "ನನ್ ಸೊಸೆ ನನ್ ಮಗನ್ನ ಬಿಟ್ಟು ಬೇರೆ ಕಾರ್ಡ್ ಮಾಡಿಸ್ಕೊಂಡು ಕುಂತವ್ಳೆ. ಅವಳ್ಗೆ ಬುದ್ಧಿ ಬರ್ಲಿ. ನಂದು ಹಂಗೇ ಇರ್ಲಿ" ಎಂದಳು. ಆ ಹುಡುಗಿ ಯಾಕೆ ಬಿಟ್ಟಳು ಎಂದು ನಾನು ಕೇಳಿದೆ. "ನನಗೇನ್ ಗೊತ್ತು, ನಾನೇನ್ ಕೇಳಿದ್ನಾ?" ಎಂದಳು. ನೀನು ನೆನಪಾದೆ. ಹನ್ನೊಂದು ಜನ ಹಾಗೇ ಇರಲಿ ಎಂದರು, ನಾಲ್ಕು ಜನ ಊರಲ್ಲಿಲ್ಲ. ನನ್ನದೂ ಸೇರಿ ಮೂವತ್ತೊಂದು ಸಹಿ ವಾಪಸ್.

25ಕ್ಕೆ ಬರುತ್ತೇನೆ. ಮುಂದಿನ ಸಾಲಿಗಲ್ಲ, ಅಹವಾಲಿನ ಸಾಲಿಗೆ. ನನ್ನ ಸರದಿ ಬಂದಾಗ ಕಾರ್ಡು ತೋರಿಸಿ, ಡಬ್ಬದ ವಿಷಯ, ಬಸ್ಸಿನ ವಿಷಯ ಹೇಳುತ್ತೇನೆ. ಮೈಕು ಹಿಡಿದು ಮಾತಾಡಿದವಳಲ್ಲ ನಾನು, ಮಧ್ಯದಲ್ಲಿ ಮರೆತರೆ? ನಿಮ್ಮ ಭಾವ ಎದ್ದು ನಿಂತು ಸುಳ್ಳು ಅಂದರೆ? ನಿನ್ನ ಮರ್ಯಾದೆ ಹೋಗುತ್ತದಲ್ಲ ಎಂದು ಅದೊಂದು ಚಿಂತೆ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ಅಷ್ಟರೊಳಗೆ ನೀನೇ ಹೇಳಿಬಿಟ್ಟರೆ ನಾನು ಹೇಳುವುದು ಕಮ್ಮಿಯಾಗುತ್ತದೆ.

ಬೆಳಿಗ್ಗೆ ಏನಾದರೂ ತಿಂದು ಬಾ. ಖಾಲಿ ಹೊಟ್ಟೆಯಲ್ಲಿ ನಿನಗೆ ತಲೆ ಸುತ್ತುತ್ತದೆ.

ಗಂಗಾಲಕ್ಷ್ಮಿ

*

ಮುಳಬಾಗಿಲು
4 ಮೇ 2025

ಅಕ್ಕ,

ಅಂದು ಸಭೆ ಮುಗಿದ ಮೇಲೆ ಹುಡುಕಿದೆ, ನೀನು ಹೊರಟುಬಿಟ್ಟಿದ್ದೆ. ಇದು ನನ್ನ ಕೈಬರಹ. ಲೆಟರ್‌ಹೆಡ್ ಈಗ ನನ್ನ ಹತ್ತಿರ ಇಲ್ಲ.

ನೀನು ಕೆಳಗಿದ್ದೆ, ನನಗೆ ಮೇಲಿನಿಂದ ಹೇಗೆ ಕಾಣಿಸಿತು ಎಂದು ಬರೆಯುತ್ತೇನೆ. ಕೈಯಲ್ಲಿ ಮೂವತ್ತೆಂಟನೇ ಟೋಕನ್ನು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಾರ್ಡು, ಕಂಕುಳಲ್ಲಿ ಕೊಡೆ. ಮುಂದಿನ ಸಾಲಿನಲ್ಲಿ ಭಾವ, ಅವರ ಪಕ್ಕ ಖಾಲಿ ಕುರ್ಚಿ. ಗೋಪಿ ಎರಡು ಸಲ ಬಂದು, ಅಕ್ಕನವರನ್ನು ಕರೆದು ಕೂರಿಸಲಾ ಎಂದ. ನಾನು ಮೈಕು ಸರಿ ಮಾಡಿಕೊಂಡೆ. ನಾನೇ ಹೇಳಿಬಿಡುತ್ತೇನೆ ಎಂದು ನಿಶ್ಚಯ ಮಾಡಿ ಬಂದಿದ್ದೆ ಎಂದರೆ ನಂಬಬೇಡ. ಮಾಡಿರಲಿಲ್ಲ. ಅಭ್ಯಾಸ ಬಲ, ಬಾಯಿ ತಾನಾಗಿಯೇ ಶುರು ಮಾಡಿತು. ನಾನು ಉಳಿಸಿದ ಮೊದಲ ಸಂಸಾರ, ಸೀರೆ, ಬಾಳೆಹಣ್ಣು, ನಾನೇ ಬಸ್ಸು ಹತ್ತಿಸಿದೆ. ಅಲ್ಲಿಗೆ ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಮುಂದಿನ ಒಂದು ವಾಕ್ಯ ಬರಲಿಲ್ಲ. ಸಾವಿರ ಸಲ ಹೇಳಿದ ವಾಕ್ಯ.

ಸಮಿತಿಯ ಅಧ್ಯಕ್ಷರು, "ಹೇಳಿ, ಆಮೇಲೆ ಏನಾಯ್ತು?" ಎಂದರು. "ನನಗೆ ಗೊತ್ತಿಲ್ಲ ಸಾರ್. ಅಲ್ಲಿ ನಿಂತಿದ್ದಾರೆ, ಅವರನ್ನೇ ಕೇಳಿ" ಎಂದೆ.

ನೀನು ಮಧ್ಯದಲ್ಲಿ ಮರೆಯಲಿಲ್ಲ. ಭಾವ ಎದ್ದು, "ಮನೇಲಿ ಅಕ್ಕಿ ಕಳ್ತನ ಆಗ್ತಿತ್ತು, ಅದಕ್ಕೆ ಬೀಗ ಹಾಕಿದ್ದು" ಎಂದಾಗ ನೀನು, "ಮನೇಲಿದ್ದೋರು ನಾವಿಬ್ರೇ ಸ್ವಾಮಿ. ಕಳ್ಳರು ಯಾರು ಅಂತ ಅವರೇ ಹೇಳ್ಲಿ" ಎಂದೆಯಲ್ಲ, ಸಭಾಂಗಣವೆಲ್ಲ ನಕ್ಕಿತು. ನನ್ನ ಯಾವ ಭಾಷಣಕ್ಕೂ ಜನ ಹಾಗೆ ನಕ್ಕಿರಲಿಲ್ಲ.

ಏಳನೇ ಕಲಮನ್ನು ಬಿಟ್ಟು ಉಳಿದದ್ದನ್ನು ಪರಿಶೀಲಿಸುತ್ತೇವೆ ಎಂದು ಸಮಿತಿ ಬರೆದುಕೊಂಡಿದೆ. ಬಿಟ್ಟೇ ಬಿಡುತ್ತಾರೆ ಎಂದು ನಾನು ಹೇಳಲಾರೆ, ಗೋಪಿ ಈಗ ದಿನಾ ಅಲ್ಲೇ ಇರುತ್ತಾನೆ. ವೇದಿಕೆಗೆ ಈಗ ಅವನೇ ಅಧ್ಯಕ್ಷ. ಹೋಳೂರಿನ ಪಟ್ಟಿಯಲ್ಲಿ ಭಾವನ ಹೆಸರೂ ಹಾಗೇ ಇದೆ. ನಿನ್ನ ಸಹಿಯ ಪುಸ್ತಕವನ್ನು ಈಗಲೂ ಹಂಚುತ್ತಿದ್ದಾರೆ. ಹಾಗಾಗಿ ಸಹಿ ವಾಪಸ್ ಪಡೆದ ಹಾಳೆಗೆ ಅವತ್ತು ಸಮಿತಿಯವರು ಕೊಟ್ಟ ರಸೀದಿಯನ್ನು ಜೋಪಾನ ಮಾಡು.

ಮಾಲೂರಿಗೆ ಹೋಗಿದ್ದೆ. ನರ್ಸರಿಯ ಗೇಟಿನಲ್ಲಿ ನಿಂತೆ. ಶ್ರೀವಾಣಿ, "ಸುಮ್ನೆ ನಿಂತ್ಕೊಂಡ್ರೆ ದಾರಿಗಡ್ಡ" ಎಂದಳು. ಕೂತು ಸಸಿ ಚೀಲಗಳಿಗೆ ಮಣ್ಣು ತುಂಬಿದೆ, ಒಂದು ಗಂಟೆ. ಆಮೇಲೆ, "ಐದು ಗಂಟೆ ಬಸ್ಸಿದೆ ನಿಮಗೆ" ಎಂದಳು. ಹೊರಟು ಬಂದೆ. ನನಗೆ ಬಸ್ಸು ಹತ್ತಿಸಿ ಅಭ್ಯಾಸ, ಹತ್ತಿಸಿಕೊಂಡು ಅಭ್ಯಾಸವಿಲ್ಲ.

ಲಾಡ್ಜು ಬಿಟ್ಟಿದ್ದೇನೆ. ಹಳೆಯ ಮಂಟಪದ ಕೋಣೆಯಲ್ಲಿದ್ದೇನೆ, ತಿಂಗಳ ಕೊನೆಗೆ ಇದನ್ನೂ ಖಾಲಿ ಮಾಡಬೇಕು. ಸ್ವಲ್ಪ ದಿನ ಯಲ್ದೂರಿಗೆ ಬರಲಾ? ವಿಳಾಸಕ್ಕೊಂದು ದಾಖಲೆಯೂ ಬೇಕಾಗಿದೆ. ನಿನ್ನ ಕಾರ್ಡಿಗೆ ನನ್ನ ಹೆಸರು ಸೇರಿಸಲು ಆಗುತ್ತದಾ ನೋಡು.

ಒಂದು ಕೇಳಬೇಕು. ಅವತ್ತು ಕೋಲಾರದಿಂದ ನೀನು ವಾಪಸ್ ಮುಳಬಾಗಿಲಿಗೇ ಯಾಕೆ ಬರಲಿಲ್ಲ? ಬಂದು ನನಗೆ ಬೈಯಬಹುದಿತ್ತು.

ಮುರಳಿ

*

ಯಲ್ದೂರು
11 ಮೇ 2025

ಮುರಳಿ,

ವಾಪಸ್ ಬಂದಿದ್ದರೆ ನೀನು ಇನ್ನೊಂದು ಡಜನ್ ಬಾಳೆಹಣ್ಣು ಕೊಡುತ್ತಿದ್ದೆ.

ಕಾರ್ಡಿಗೆ ನಿನ್ನ ಹೆಸರು ಸೇರಿಸುವುದಿಲ್ಲ. ಬೇಜಾರು ಮಾಡಿಕೋಬೇಡ, ಮಾಡಿಕೊಂಡರೂ ಸೇರಿಸುವುದಿಲ್ಲ. ಎರಡು ದಿನ ಯೋಚನೆ ಮಾಡಿದೆ, ತಮ್ಮನಿಗೆ ಇಲ್ಲ ಅನ್ನಬೇಕಲ್ಲ ಎಂದು ಕಷ್ಟವಾಯಿತು, ಆದರೂ ಇಲ್ಲ. ಅದರಲ್ಲಿ ಒಂದೇ ಹೆಸರು. ವಿಳಾಸಕ್ಕೆ ಬೇರೆ ಏನಾದರೂ ದಾರಿ ಇರುತ್ತದೆ, ಇಲಾಖೆಯಲ್ಲಿ ನಿನಗೆ ಜನ ಇದ್ದಾರಲ್ಲ.

ಇರುವುದಕ್ಕೆ ಬಾ. ಅಮ್ಮನ ಕೋಣೆ ಒರೆಸಿಟ್ಟಿದ್ದೇನೆ. ಬಾದಾಮಿ ಮಾವಿನಕಾಯಿ ಇಳಿಸಬೇಕು, ನಿನ್ನ ಮಂಡಿ ಮರ ಹತ್ತುವುದಿಲ್ಲ, ಕೆಳಗೆ ನಿಂತು ಬುಟ್ಟಿ ಹಿಡಿ. ಬೆಳಿಗ್ಗೆ ಡೇರಿಗೆ ಹಾಲು ನೀನೇ ತೆಗೆದುಕೊಂಡು ಹೋಗಬೇಕು. ಮುನಿಶಾಮಮ್ಮ ನಿನಗೆ ಏನೋ ಹೇಳುವುದಿದೆಯಂತೆ, ಎರಡು ಸಲ ಕೇಳಿದಳು ಯಾವಾಗ ಬರುತ್ತಾನೆ ಎಂದು. ಕೇಳಿಸಿಕೋ, ಭಾಷಣ ಮಾಡಬೇಡ. ಕೆಮ್ಮಿಗೆ ಕಷಾಯ ಮಾಡುವುದನ್ನು ತೋರಿಸಿಕೊಡುತ್ತೇನೆ, ಮಾಡಿಕೊಳ್ಳುವವನು ನೀನು. ಅಕ್ಕಿ ಡಬ್ಬ ಒಲೆಯ ಪಕ್ಕದಲ್ಲಿದೆ, ಮುಚ್ಚಳ ಸಡಿಲ, ಇಲಿ ಬರುತ್ತದೆ ಎಂದು ಮೇಲೊಂದು ಕಲ್ಲು ಇಟ್ಟಿದ್ದೇನೆ. ಹಸಿವಾದಾಗ ಕಲ್ಲು ತೆಗೆದಿಟ್ಟು ಬೇಕಾದಷ್ಟು ಹಾಕಿಕೋ.

ಕೋಲಾರ ಸ್ಟ್ಯಾಂಡಿನಲ್ಲಿ ನೋಡಿ ಹತ್ತು. ಹೋಳೂರು ಬಸ್ಸು, ಯಲ್ದೂರು ಬಸ್ಸು ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಅವತ್ತು ನನಗೆ ಇದರಿಂದ ಅದಕ್ಕೆ ಎಂಟು ಹೆಜ್ಜೆಯಾಯಿತು. ಎಣಿಸಿದ್ದೆ.

ಅಕ್ಕ